ಹವಳ ಸತ್ತ ಮಾರನೇ ದಿನ
ಮನೆಯ ಪುಟ್ಟ ರೀಫ್ ಟ್ಯಾಂಕಿನಲ್ಲಿ ಹವಳ ಒಂದೊಂದಾಗಿ ಬೆಳ್ಳಗಾಗಿ ಸತ್ತರೆ, ‘ದುಡ್ಡು ಹೋಯ್ತು’ ಅನ್ನೋದಕ್ಕಿಂತ ‘ನಾನೇ ಕೊಂದೆನಾ?’ ಅನ್ನೋ ಸಂಕಟ ದೊಡ್ಡದು. ಸಿಂಗಪುರದಲ್ಲಿರುವ ಗೆಳೆಯನೊಬ್ಬ ಹಾಗೆ ಕೊರಗುತ್ತಿದ್ದಾಗ ನಾನು ಅವನಿಗೆ ಆನ್ನಾ ಥಿನ್ ಎಂಬ ಹೆಂಗಸಿನ ಕಥೆ ಹೇಳಿದೆ.

1846ರಲ್ಲಿ ಈಕೆ ಇಂಗ್ಲೆಂಡಿನ ಟಾರ್ಕಿ ಕಡಲತೀರದಿಂದ ಕಲ್ಲುಹವಳಗಳನ್ನು ಜಾಡಿಯಲ್ಲಿ ಲಂಡನ್ನಿನ ಮನೆಗೆ ತಂದಳು. ಆಗ ಪಂಪ್ ಇಲ್ಲ, ಫಿಲ್ಟರ್ ಇಲ್ಲ. ನೀರಿಗೆ ಗಾಳಿ ಬೆರೆಯಲೆಂದು ಮನೆಗೆಲಸದವಳು ಅರ್ಧ-ಮುಕ್ಕಾಲು ಗಂಟೆ, ತೆರೆದ ಕಿಟಕಿಯ ಮುಂದೆ ಅದನ್ನು ಎತ್ತಿ ಎತ್ತಿ ಸುರಿಯುತ್ತಿದ್ದಳು, ನಾವು ಬಿಸಿ ಕಾಫಿ ಆರಿಸೋ ಹಾಗೆ. ಮರುವರ್ಷ ಜಾಡಿಗೆ ಕಡಲಪಾಚಿ ಸೇರಿತು.

1854ರಲ್ಲಿ ಫಿಲಿಪ್ ಹೆನ್ರಿ ಗಾಸ್ ‘ದಿ ಅಕ್ವೇರಿಯಂ’ ಪುಸ್ತಕ ಬರೆದ. ಮನೆಮನೆಗೂ ಈ ಹುಚ್ಚು ಹತ್ತಿತು. ಜನ ತೀರಕ್ಕೆ ಮುಗಿಬಿದ್ದು ಬಂಡೆಗಳ ನಡುವಿನ ನೀರುಗುಂಡಿಗಳನ್ನು ಬರಿದು ಮಾಡಿದರು. ತನ್ನ ಬರಹವೇ ಇದಕ್ಕೆ ದಾರಿಯಾಯಿತೆಂದು ಗಾಸ್ ನೊಂದಿದ್ದನ್ನು ಮಗ ಎಡ್ಮಂಡ್ 1907ರಲ್ಲಿ ದಾಖಲಿಸಿದ್ದಾನೆ.

ಹಾಗಾಗಿ ಹವಳ ಸತ್ತರೆ ಬೇಜಾರು ಮಾಡ್ಕೊಳ್ಳಿ, ತಪ್ಪಿಲ್ಲ. ಆದರೆ ಮಾರನೇ ದಿನವೇ ಅಂಗಡಿಗೆ ಓಡಬೇಡಿ. ಚಿಕ್ಕ ಟ್ಯಾಂಕಿನಲ್ಲಿ ಉಪ್ಪಿನಂಶ, ಶಾಖ ಎರಡೂ ಬೇಗ ಏರುಪೇರಾಗುತ್ತವೆ. ಕೆಲವು ವಾರ ಅಳೆದು ಬರೆದಿಡಿ. ನೀರು ನೆಟ್ಟಗಾದ ಮೇಲೂ ಕಡಲಿಂದ ಕಿತ್ತು ತಂದ ಹವಳ ಬೇಡ, ಇನ್ನೊಬ್ಬರ ಟ್ಯಾಂಕಿನಲ್ಲಿ ಬೆಳೆದ ಒಂದು ತುಂಡು ಸಾಕು. ಭಾರತದ ಕಡಲಲ್ಲಂತೂ ಕಲ್ಲುಹವಳಕ್ಕೆ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಕಿತ್ತರೆ ಅಪರಾಧ.