ಮನೆಯ ಮುಂದಿನ ಮೋರಿ ಯಾರದು?

ಮನೆಗೂ ಬೀದಿಗೂ ನಡುವೆ ಹರಿಯುವ ಮೋರಿಯ ಹೊಣೆ ಯಾರದೆಂಬ ಪ್ರಶ್ನೆ ನಮ್ಮ ದೇಶಕ್ಕೆ ಹೊಸದಲ್ಲ. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಬೆಳಕಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರವು, ಬೀದಿಯಲ್ಲಿ ಮಣ್ಣು ಸುರಿದವನಿಗೆ ಪಣದ ಎಂಟನೆಯ ಒಂದು ಭಾಗವನ್ನೂ, ಕೆಸರು ನೀರು ಕಟ್ಟಿ ನಿಲ್ಲುವಂತೆ ಮಾಡಿದವನಿಗೆ ಕಾಲು ಪಣವನ್ನೂ ದಂಡವಾಗಿ ವಿಧಿಸುತ್ತದೆ. ರಾಜಮಾರ್ಗದಲ್ಲಾದರೆ ದಂಡವು ಇಮ್ಮಡಿ. ಮಣ್ಣು ಚೆಲ್ಲುವುದಕ್ಕಿಂತ ನೀರನ್ನು ತಡೆಯುವುದೇ ಹೆಚ್ಚಿನ ತಪ್ಪೆಂದು ಎಣಿಸಿರುವುದು ಗಮನಾರ್ಹ.

ಮದರಾಸು ಆಧಿಪತ್ಯದಲ್ಲಿ ಬೆಜವಾಡ, ವಿಶಾಖಪಟ್ಟಣಗಳೂ ನಮ್ಮ ಬಳ್ಳಾರಿ, ಮಂಗಳೂರುಗಳೂ ಒಂದೇ ಕಾನೂನಿಗೆ ಒಳಪಟ್ಟಿದ್ದವು. ಅಲ್ಲಿ ಹಳ್ಳಿಗರು ಕೂಡಿ ಕಾಲುವೆಗಳ ಹೂಳೆತ್ತುವ ರೂಢಿಗೆ ಕುಡಿಮರಾಮತ್ತು ಎಂದು ಹೆಸರು. 1858ರ ಮೊದಲನೆಯ ಶಾಸನವು ಈ ರೂಢಿಗೆ ಬಲ ಕೊಟ್ಟಿತು: ನೀರಾವರಿಗಾಗಲಿ ನೀರು ಬಸಿಯುವುದಕ್ಕಾಗಲಿ ಸಂಬಂಧಿಸಿದ ಕೆಲಸದಲ್ಲಿ ತನ್ನ ಪಾಲಿನ ದುಡಿಮೆಯನ್ನು ಸಕಾರಣವಿಲ್ಲದೆ ಸಲ್ಲಿಸದವನು ಅದರ ಬೆಲೆಯ ಎರಡರಷ್ಟನ್ನು ತೆರಬೇಕಾಗಿತ್ತು.

ಪಟ್ಟಣಗಳಲ್ಲಿ ನಡೆದುದು ಬೇರೆ. 1920ರ ಮದರಾಸು ಜಿಲ್ಲಾ ಪುರಸಭೆಗಳ ಶಾಸನವು 'ಸಾರ್ವಜನಿಕ ಬೀದಿ' ಎಂಬ ಮಾತಿನ ಅರ್ಥದೊಳಗೆ ಬೀದಿಗೆ ಹೊಂದಿದ ಮೋರಿಗಳನ್ನೂ, ಇಕ್ಕೆಲಗಳಲ್ಲಿ ನಿವೇಶನದ ಎಲ್ಲೆಯವರೆಗಿನ ನೆಲವನ್ನೂ ಸೇರಿಸಿತು. ಅಂದರೆ ಬಂಡಿ ಒಳಬರಲೆಂದು ಮನೆಯೊಡೆಯನು ಮೋರಿಯ ಮೇಲೆ ಹಾಸಿದ ಚಪ್ಪಡಿ ನಿಂತಿರುವುದು ಅವನ ನೆಲದಲ್ಲಲ್ಲ, ಊರಿನ ನೆಲದಲ್ಲಿ. ಈ ವ್ಯವಸ್ಥೆಯಿಂದ ಒಡೆತನವೇನೋ ಸ್ಪಷ್ಟವಾಯಿತು. ಆದರೆ ಮೋರಿ ಪುರಸಭೆಯದೆಂದಮೇಲೆ ಹೂಳೆತ್ತುವ ಕೆಲಸವೂ ಅದರದೇ ಎಂಬ ಭಾವನೆ ಜನರಲ್ಲಿ ಬೇರೂರಿತು. ಚಪ್ಪಡಿಯ ಅಡಿಯಲ್ಲಿ ಕಂಡಿ ಕಿರಿದಾದರೆ ನೀರು ಅದರ ಹಿಂದೆ ನಿಧಾನವಾಗುತ್ತದೆ, ನಿಧಾನವಾದ ನೀರು ಹೂಳನ್ನು ಇಳಿಸುತ್ತದೆ, ಮುಂದಿನ ಮಳೆಗೆ ಮೋರಿ ಉಕ್ಕುತ್ತದೆ. ಆ ನೀರು ಮೊದಲು ನುಗ್ಗುವುದು ಚಪ್ಪಡಿ ಹಾಕಿದವನ ಮನೆಗಲ್ಲ, ಮೇಲಿನ ನೆರೆಯವನ ಮನೆಗೆ.

ವಿಶಾಖಪಟ್ಟಣದಲ್ಲಿ ಬೆಟ್ಟದ ನೀರನ್ನು ಕಡಲಿಗೆ ಒಯ್ಯುವ ಹಳ್ಳಗಳಿಗೆ 'ಗೆಡ್ಡ' ಎನ್ನುತ್ತಾರೆ. ವಿಜಯವಾಡದಲ್ಲಿ ಬುಡಮೇರು ಕೊಲ್ಲೇರು ಸರೋವರದತ್ತ ಹರಿಯುತ್ತದೆ. 2024ರ ಸೆಪ್ಟೆಂಬರ್ ಮೊದಲ ದಿನಗಳಲ್ಲಿ ಬುಡಮೇರಿನ ದಂಡೆ ಮೂರೆಡೆ ಒಡೆದು ಅಜಿತ್ ಸಿಂಗ್ ನಗರ ಮೊದಲಾದ ಬಡಾವಣೆಗಳು ಮುಳುಗಿದವು. ಸೇನೆಯ ನೆರವಿನಿಂದ ಒಡಕುಗಳನ್ನು ಮುಚ್ಚಬೇಕಾಯಿತು. ಆ ಪ್ರವಾಹಕ್ಕೆ ಮನೆಮೋರಿಗಳು ಕಾರಣವಲ್ಲ. ಆದರೆ ನದಿಯ ಪಾತ್ರವನ್ನು ಒತ್ತುವ ಮನೋಭಾವವೂ ಮೋರಿಯ ಕಂಡಿಯನ್ನು ಕಿರಿದುಮಾಡುವ ಮನೋಭಾವವೂ ಒಂದೇ ಜಾತಿಯವು.

ಹೊರನಾಡಿನಲ್ಲಿ ಮನೆ ಕಟ್ಟಿಕೊಂಡ ಕನ್ನಡಿಗನಿಗೆ ಈ ಇತಿಹಾಸ ಹೇಳುವುದಿಷ್ಟು: ಮೋರಿ ಊರಿನದು, ಅದನ್ನು ಮುಚ್ಚುವ ಹಕ್ಕು ತನಗಿಲ್ಲ, ಮಳೆಗಾಲಕ್ಕೆ ಮುನ್ನ ತನ್ನ ಚಪ್ಪಡಿಯ ಅಡಿಯ ಹೂಳನ್ನು ತೆಗೆಸುವ ಹೊಣೆ ಮಾತ್ರ ತನ್ನದು. ನೆರೆಯವರ ಊರಿನಲ್ಲಿ ಒಳ್ಳೆಯ ನೆರೆಯವನಾಗುವುದು ಇಲ್ಲಿಂದಲೇ ಮೊದಲಾಗುತ್ತದೆ.