ಚಲಚ್ಚಿತ್ರದಲ್ಲಿ ಕತ್ತರಿಯ ಸ್ಥಾನ

ಚಲಚ್ಚಿತ್ರದ ಕಥೆಯು ಒಂದೇ ಓಟದಲ್ಲಿ ತೆಗೆದುದಲ್ಲ. ತುಣುಕು ತುಣುಕಾಗಿ ತೆಗೆದುದನ್ನು ಕತ್ತರಿಸಿ ಜೋಡಿಸಿದುದು. ಎಲ್ಲಿ ಕತ್ತರಿಸಬೇಕು, ಏಕೆ ಕತ್ತರಿಸಬೇಕು ಎಂಬುದನ್ನು ಅರಿಯುವುದೇ ಸಂಕಲನಕಾರನ ವಿದ್ಯೆ. ಈಗಿನ ಪ್ರೇಕ್ಷಕನಿಗಾದರೋ ಕತ್ತರಿ ಬಿದ್ದ ಗುರುತೇ ತಿಳಿಯದು. ಮನೆಯೊಳಗೆ ಬಾಗಿಲು ತೆರೆದವನು ಮರುಕ್ಷಣದಲ್ಲಿ ಬೀದಿಯಲ್ಲಿ ಕಾಣಿಸಿಕೊಂಡರೆ ಅದು ಸಹಜವೆಂದೇ ಅವನು ಬಗೆಯುವನು. ಆದರೆ ಈ ಸಹಜತೆಯು ಚಲಚ್ಚಿತ್ರಕ್ಕೆ ಹುಟ್ಟಿನೊಡನೆ ಬಂದುದಲ್ಲ, ಕಲಿತುದು. ಅದನ್ನು ಕಲಿತುದು ಯಾವಾಗ ಎಂಬ ವಿಷಯದಲ್ಲಿ ಇತಿಹಾಸಕಾರರೇ ಬಹುಕಾಲ ಮೋಸಹೋದರು. ಆ ಮೋಸಕ್ಕೆ ಕಾರಣವಾದುದೂ ಒಂದು ಕತ್ತರಿಯೇ.

ಅಮೆರಿಕದ ಎಡಿಸನ್ ಸಂಸ್ಥೆಯಲ್ಲಿ ಎಡ್ವಿನ್ ಎಸ್. ಪೋರ್ಟರ್ ಎಂಬಾತನು 'ಲೈಫ್ ಆಫ್ ಆನ್ ಅಮೆರಿಕನ್ ಫೈರ್‌ಮನ್' ಎಂಬ ಕಿರುಚಿತ್ರವನ್ನು ತಯಾರಿಸಿದನು. ಅದು 1903ನೆಯ ಜನವರಿಯಲ್ಲಿ ಹೊರಬಂದಿತು. ಆರೇಳು ನಿಮಿಷಗಳ ಆಟ. ಬೆಂಕಿ ಆರಿಸುವ ಪಡೆಯವರು ಎಚ್ಚತ್ತು, ಕುದುರೆಬಂಡಿಗಳಲ್ಲಿ ಧಾವಿಸಿ, ಉರಿಯುವ ಮನೆಯ ಮೇಲಂತಸ್ತಿನಿಂದ ತಾಯಿಯನ್ನೂ ಮಗುವನ್ನೂ ಉಳಿಸುವುದೇ ಕಥೆ.

1939ರಲ್ಲಿ ಅಮೆರಿಕದ ಚಲಚ್ಚಿತ್ರದ ಚರಿತ್ರೆಯನ್ನು ಬರೆದ ಲೂಯಿಸ್ ಜೇಕಬ್ಸನು ಸಂಕಲನಕಲೆಯ ಮೊದಲಿಗನೆಂಬ ಪಟ್ಟವನ್ನು ಪೋರ್ಟರನಿಗೇ ಕಟ್ಟಿದನು. ಮುಂದೆ ನ್ಯೂಯಾರ್ಕಿನ ಮಾಡರ್ನ್ ಆರ್ಟ್ ಮ್ಯೂಸಿಯಮ್ಮಿಗೆ ಬಂದು ಸೇರಿದ ಪ್ರತಿಯೊಂದು ಇದಕ್ಕೆ ಕಣ್ಣಾರೆ ಕಾಣುವ ಸಾಕ್ಷಿಯಾಯಿತು. ಅದರಲ್ಲಿ ಕೋಣೆಯ ಒಳಗಿನ ನೋಟ, ಬೀದಿಯ ನೋಟ, ಮತ್ತೆ ಒಳಗಿನ ನೋಟ, ಹೀಗೆ ಚಿತ್ರವು ಹೆಣೆದುಕೊಂಡು ಸಾಗುತ್ತದೆ. ಇಷ್ಟು ಬಲಿತ ಕೈ 1903ರಲ್ಲಿಯೇ ಇದ್ದಿತೆಂದರೆ ಯಾರು ಬೆರಗಾಗರು!

ಇನ್ನೊಂದು ಪ್ರತಿಯು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿತ್ತು. ಅದು ಉಳಿದುದು ಕಲೆಯ ಮೇಲಣ ಅಭಿಮಾನದಿಂದಲ್ಲ, ಕಾನೂನಿನ ಒಂದು ಕೊರತೆಯಿಂದ. ಚಲಚ್ಚಿತ್ರಕ್ಕೆಂದೇ ಕೃತಿಸ್ವಾಮ್ಯವು ಅಮೆರಿಕದಲ್ಲಿ 1912ರವರೆಗೆ ಇರಲಿಲ್ಲ. ಆದುದರಿಂದ ತಯಾರಕರು ಚಿತ್ರವನ್ನು ಉದ್ದನೆಯ ಕಾಗದದ ಸುರುಳಿಗಳ ಮೇಲೆ ಅಚ್ಚಿಳಿಸಿ, ಛಾಯಾಚಿತ್ರಗಳೆಂದು ನೋಂದಾಯಿಸುತ್ತಿದ್ದರು. ಈ ಕಾಗದವನ್ನು ಯಂತ್ರದಲ್ಲಿ ಓಡಿಸಿ ನೋಡುವಂತಿರಲಿಲ್ಲ. ಆದಕಾರಣ ಅದರ ಮೇಲೆ ಬೇರೊಬ್ಬರ ಕೈಯೂ ಆಡಲಿಲ್ಲ. ದಶಕಗಳು ಕಳೆದ ಮೇಲೆ ಆ ಸುರುಳಿಗಳನ್ನು ಮರಳಿ ಫಿಲ್ಮಿಗೆ ಇಳಿಸಲಾಗಿ, ಪೋರ್ಟರನ ಜೋಡಣೆಯು ಕಣ್ಣಿಗೆ ಬಿದ್ದಿತು.

ಅದರಲ್ಲಿ ಹೆಣಿಗೆಯೇ ಇಲ್ಲ! ಮೊದಲು ಕೋಣೆಯ ಒಳಗಿನ ಘಟನೆಯೆಲ್ಲವೂ ಒಂದೇ ನೋಟದಲ್ಲಿ ನಡೆದುಹೋಗುತ್ತದೆ. ಹೆಂಗಸು ಹೊಗೆಗೆ ತಾಳಲಾರದೆ ಬೀಳುವಳು. ರಕ್ಷಕನು ಬಂದು ಕಿಟಕಿಯನ್ನು ಒಡೆದು, ಅವಳನ್ನು ಹೊತ್ತು ಏಣಿಯಿಂದ ಇಳಿಯುವನು. ಸ್ವಲ್ಪ ಹೊತ್ತಿನಲ್ಲಿಯೇ ಹಿಂದಿರುಗಿ ಮಗುವನ್ನು ಒಯ್ಯುವನು. ಅದು ಮುಗಿದ ಮೇಲೆ ಅದೇ ಘಟನೆಯು ಬೀದಿಯಿಂದ ಕಂಡಂತೆ ಮೊದಲಿನಿಂದ ಕೊನೆಯವರೆಗೆ ಮತ್ತೊಮ್ಮೆ ನಡೆಯುತ್ತದೆ. ತಾಯಿ ನೆಲಕ್ಕಿಳಿದು ಚೇತರಿಸಿಕೊಂಡು, ಮಗು ಒಳಗಿದೆಯೆಂದು ಅಂಗಲಾಚುವುದು ಇಲ್ಲಿ ಮಾತ್ರವೇ ಕಾಣುವುದು.

ಈ ಪುನರುಕ್ತಿಯನ್ನು ಪೋರ್ಟರನ ಅಜ್ಞಾನವೆಂದು ಹಳಿಯುವುದು ನ್ಯಾಯವಲ್ಲ. ಅಂದಿನವರಿಗೆ ಒಂದೊಂದು ನೋಟವೂ ಮಾಯಾದೀಪದ ಚಿತ್ರದಂತೆ ತನಗೆ ತಾನೇ ಪೂರ್ಣವಾದುದು. ಒಂದು ಎಡೆಯಲ್ಲಿ ನಡೆಯತಕ್ಕದ್ದೆಲ್ಲ ನಡೆದ ಮೇಲೆಯೇ ಮತ್ತೊಂದು ಎಡೆಗೆ ಹೋಗುವುದು ಕ್ರಮ. ಪ್ರೇಕ್ಷಕನೂ ಎರಡು ನೋಟಗಳನ್ನು ತನ್ನ ಮನಸ್ಸಿನಲ್ಲಿ ಹೊಂದಿಸಿಕೊಳ್ಳುತ್ತಿದ್ದನು.

ಆದರೆ ಎರಡು ಪ್ರತಿಗಳಿಗೂ ಇರುವ ಅಂತರವು ಕೇವಲ ಚುರುಕಿನದಲ್ಲ. ಪೋರ್ಟರನ ಜೋಡಣೆಯಲ್ಲಿ ರಕ್ಷಕನು ಮರಳಿ ಬಂದುದು ಮೊದಲು ಕಾಣುತ್ತದೆ, ಏಕೆ ಬಂದನೆಂಬುದು ಆಮೇಲೆ. ಹೆಣೆದ ಪ್ರತಿಯಲ್ಲಿ ತಾಯಿಯ ಮೊರೆ ಮೊದಲು, ಅವನು ಏಣಿ ಹತ್ತುವುದು ಅನಂತರ. ಮೊದಲನೆಯದರಲ್ಲಿ ಕತ್ತರಿಯು ಸ್ಥಳವನ್ನು ಬದಲಾಯಿಸಿತು. ಎರಡನೆಯದರಲ್ಲಿ ಕಾರಣವನ್ನು ಕಾರ್ಯಕ್ಕೆ ಕಟ್ಟಿತು. ಮಗುವಿಗೆ ಏನಾಯಿತೋ ಎಂಬ ಕಳವಳವು ಹುಟ್ಟುವುದು ಈ ಎರಡನೆಯ ಕ್ರಮದಲ್ಲಿಯೇ.

1970ರ ದಶಕದ ಕೊನೆಗೆ ಚಾರ್ಲ್ಸ್ ಮಸ್ಸರ್, ಆಂದ್ರೆ ಗೋದ್ರೋ ಮೊದಲಾದ ವಿದ್ವಾಂಸರು ಎರಡು ಪ್ರತಿಗಳನ್ನೂ ತೂಗಿ ನೋಡಿ, ಕಾಗದದ ಪ್ರತಿಯೇ ಮೂಲವೆಂದೂ ಹೆಣೆದುದು ಮುಂದಿನ ಕಾಲದವರ ತಿದ್ದುಪಡಿಯೆಂದೂ ಸ್ಥಾಪಿಸಿದರು. ತಿದ್ದಿದವನು ಕಪಟದಿಂದ ಮಾಡಿದನೆಂದು ಎಣಿಸಬೇಕಾಗಿಲ್ಲ. ತನ್ನ ಕಾಲದ ಕಣ್ಣಿಗೆ ಕೆಟ್ಟುದಾಗಿ ಕಂಡುದನ್ನು ಸರಿಪಡಿಸಿದನು, ಅಷ್ಟೇ. ಹಳೆಯ ಓಲೆಯನ್ನು ಪ್ರತಿಮಾಡುವ ಲಿಪಿಕಾರನೂ ಹೀಗೆಯೇ ಅಲ್ಲವೇ?

ಆ ಹೊಸ ಕಣ್ಣನ್ನು ಕೊಟ್ಟವರಲ್ಲಿ ಮುಖ್ಯನಾದವನು ಡಿ. ಡಬ್ಲ್ಯೂ. ಗ್ರಿಫಿತ್. 1908ರಲ್ಲಿ ತೆರೆಗೆ ಬಂದ ಎಡಿಸನ್ ಸಂಸ್ಥೆಯ ಚಿತ್ರವೊಂದರಲ್ಲಿ ಇವನು ನಟನಾಗಿದ್ದನು. ಮರುವರ್ಷ ಬಯೋಗ್ರಾಫ್ ಸಂಸ್ಥೆಗಾಗಿ ಇವನು ತೆಗೆದ 'ದಿ ಲೋನ್ಲಿ ವಿಲ್ಲಾ'ದಲ್ಲಿ ಕಳ್ಳರು ಮನೆಯನ್ನು ಮುತ್ತಿರುವರು. ಒಳಗೆ ಹೆಂಡತಿ ಮಕ್ಕಳು. ದೂರದಲ್ಲಿರುವ ಗಂಡನಿಗೆ ದೂರವಾಣಿಯಲ್ಲಿ ಸುದ್ದಿ ಮುಟ್ಟುವುದು. ಚಿತ್ರವು ಈ ಮೂರು ಎಡೆಗಳಲ್ಲಿ ಯಾವುದೊಂದನ್ನೂ ಮುಗಿಯಗೊಡುವುದಿಲ್ಲ. ಬಾಗಿಲು ಮುರಿಯುವುದಕ್ಕೆ ಮೊದಲೇ ಕತ್ತರಿ ಬಿದ್ದು, ಗಂಡನು ಇನ್ನೂ ದಾರಿಯಲ್ಲಿಯೇ ಇರುವುದು ಕಾಣುತ್ತದೆ.