ಗೊಂಬೆಯ ಮುಂದೆ ನಡುಗುವ ಕೈ

ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯಿಂದ ನರ್ಸಿಂಗ್ ಓದಲು ಹೋದ ಮಕ್ಕಳು ಮೊದಲ ರಜೆಗೆ ಬಂದಾಗ, "ಇನ್ನೂ ಗೊಂಬೆಗೇ ಇಂಜೆಕ್ಷನ್ ಕೊಡ್ತಾ ಇದೀವಿ" ಅಂದರೆ ಮನೆಯಲ್ಲಿ ನಾವೆಲ್ಲ ನಗುತ್ತೇವೆ. ಆದರೆ ಆ ಗೊಂಬೆಗೆ 250 ವರ್ಷಕ್ಕೂ ಮೀರಿದ ಚರಿತ್ರೆಯಿದೆ. ಅದು ಹುಟ್ಟಿದ್ದೇ ಹಳ್ಳಿ ಹೆಂಗಸರಿಗಾಗಿ.

ನಮ್ಮ ಸೂಲಗಿತ್ತಿಯರು ಕಲಿತದ್ದು ಅಜ್ಜಿಯ ಪಕ್ಕ ಕೂತು, ನಿಜವಾದ ಹೆರಿಗೆಯಲ್ಲೇ. ಕೈ ತಪ್ಪಿದರೆ ಎರಡು ಜೀವ ಹೋಗುತ್ತಿತ್ತು. ಫ್ರಾನ್ಸಿನ ಹಳ್ಳಿಗಳಲ್ಲೂ ಇದೇ ಕಷ್ಟವಿತ್ತು. 1759ರಲ್ಲಿ ಅಲ್ಲಿನ ದೊರೆ 15ನೇ ಲೂಯಿ, ದು ಕೂದ್ರೇ ಎಂಬ ಸೂಲಗಿತ್ತಿಗೆ ಊರೂರು ಸುತ್ತಿ ಕಲಿಸಲು ಅಪ್ಪಣೆ ಕೊಟ್ಟ. ಆಕೆ ಬಟ್ಟೆಯಲ್ಲಿ ತಾಯಿ, ಮಗುವಿನ ಗೊಂಬೆ ಹೊಲಿಸಿದಳು. ಓದು ಬಾರದ ಸಾವಿರಾರು ಹೆಂಗಸರು ಅದನ್ನು ಮುಟ್ಟಿ, ತಪ್ಪು ಮಾಡಿ, ತಿದ್ದಿಕೊಂಡು ಕಲಿತರು.

1911ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್ ಆಸ್ಪತ್ರೆಯ ನರ್ಸಿಂಗ್ ಶಾಲೆಗೆ ಆಳೆತ್ತರದ ಗೊಂಬೆ ಬಂತು. ಮಾಡಿಕೊಟ್ಟವಳು ಮಕ್ಕಳ ಗೊಂಬೆ ತಯಾರಿಸುತ್ತಿದ್ದ ಮಾರ್ಥಾ ಚೇಸ್. 1960ರಲ್ಲಿ ನಾರ್ವೆಯ ಆಟಿಕೆ ತಯಾರಕ ಲೇರ್ಡಾಲ್, ಉಸಿರು ಕೊಟ್ಟು ಬದುಕಿಸುವುದನ್ನು ಕಲಿಸುವ 'ಆನ್' ಗೊಂಬೆ ಮಾಡಿದ. ಕಲಿಯುವವರು ಹೆದರಬಾರದೆಂದು ಅದಕ್ಕೆ ಶಾಂತವಾದ ಮುಖ ಕೊಟ್ಟ. ಅಂದರೆ ಕಲಿಯುವವರ ಭಯವೂ ಲೆಕ್ಕಕ್ಕೆ ಬಂದಿತ್ತು.

ಭಾರತೀಯ ನರ್ಸಿಂಗ್ ಪರಿಷತ್ತಿನ 2021ರ ಬಿ.ಎಸ್ಸಿ. ಪಠ್ಯಕ್ರಮದಲ್ಲಿ ಈ ಕಲಿಕೆಗೆ ಜಾಗವಿದೆ. ಸಿಮ್ಯುಲೇಷನ್ ಎಂದು ಅದರ ಹೆಸರು. ಒಬ್ಬಳು ಎದೆ ಒತ್ತುತ್ತಾಳೆ, ಇನ್ನೊಬ್ಬಳು ಉಸಿರು ಕೊಡುತ್ತಾಳೆ, ಮತ್ತೊಬ್ಬಳು ಎಣಿಸುತ್ತಾಳೆ. ಗೊಂಬೆ ಎಂದು ಗೊತ್ತಿದ್ದರೂ ಕೈ ನಡುಗುತ್ತದೆ. ಗೆಳತಿಯರೆದುರು ತಪ್ಪಿದರೆ ನಾಚಿಕೆ, ಕೆಲವೊಮ್ಮೆ ಅಳು. ಮುಗಿದ ಮೇಲೆ ಎಲ್ಲರೂ ಸುತ್ತ ಕೂತು ಏನಾಯಿತೆಂದು ಮಾತಾಡಬೇಕು. ತನ್ನಂತೆಯೇ ಪಕ್ಕದವಳೂ ಹೆದರಿದ್ದಳು ಎಂದು ತಿಳಿಯುವುದು ಅಲ್ಲೇ. ಅದೂ ಪಾಠವೇ.

ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಸುದರ್ಶನ್ 1981ರಲ್ಲಿ ಶುರುಮಾಡಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ, ಗಿರಿಜನ ಹೆಣ್ಣುಮಕ್ಕಳಿಗೂ ದಾದಿಯರ ತರಬೇತಿ ಕೊಟ್ಟಿದೆ. ಕಾಡಂಚಿನ ಊರಲ್ಲಿ ರಾತ್ರಿ ಆಂಬುಲೆನ್ಸ್ ಬರುವ ತನಕ ದಾದಿ ಒಬ್ಬಳೇ ನಿಲ್ಲಬೇಕಾಗಬಹುದು. ಅಂದು ನಡುಗಬಾರದ ಕೈ ಇಂದು ಗೊಂಬೆಯ ಮುಂದೆ ನಡುಗಲಿ.

ಮುಂದಿನ ಸಲ ಮಗಳು ಗೊಂಬೆಯ ಮಾತೆತ್ತಿದರೆ ನಗುವುದು ಬೇಡ. "ಭಯ ಆಯ್ತಾ ಕೂಸು?" ಎಂದು ಕೇಳೋಣ.